ಸೀರೆಯೊಳಗಿನ ಜಾಕೀಟು

ಬೆಳಗಿನ ಆರೂಕಾಲು. ಜೊಯಿಡಾ ತಾಲ್ಲೂಕಿನ ಹಿನ್ನೀರಿನ ಮೇಲೆ ಮಂಜು ಕೂತಿದೆ. ಆಚೆ ದಂಡೆಯ ಕಾಡು ಕಾಣುವುದಿಲ್ಲ, ಹಾಗಾಗಿ ಸದ್ಯಕ್ಕೆ ಈ ನೀರು ಸಮುದ್ರ. ಸಿನಿಮಾದವರು ಇಷ್ಟು ದೂರ ಬರುವುದೇ ಇದಕ್ಕೆ. ಎಂಟು ಗಂಟೆಗೆ ಮಂಜು ಕರಗಿ ಮರಗಳು ಕಂಡವೆಂದರೆ ಆ ದಿನದ ಸಮುದ್ರ ಮುಗಿಯಿತು. ಅಷ್ಟರೊಳಗೆ ಬಿರುಗಾಳಿಗೆ ಸಿಕ್ಕ ದೋಣಿಯ ದೃಶ್ಯ ತೆಗೆಯಬೇಕು.

ದೋಣಿ ಏರಬೇಕಾದ ಇಪ್ಪತ್ತೆರಡು ಹೆಂಗಸರು ತಾಡಪತ್ರಿಯ ಮರೆಯಲ್ಲಿ ಸಾಲಾಗಿ ನಿಂತಿದ್ದಾರೆ. ಸುತ್ತಲಿನ ಊರುಗಳಿಂದ ದಿನಗೂಲಿಗೆ ಬಂದವರು, ಇವತ್ತಿನ ಮಟ್ಟಿಗೆ ಮೀನುಗಾರರ ಮನೆಯವರು. ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡ ನಲವತ್ತಾರರ ಸಕ್ಕುಬಾಯಿ ಒಬ್ಬೊಬ್ಬರಿಗೂ ರವಿಕೆಯೊಳಗೆ ಕಪ್ಪು ಬಟ್ಟೆಯ ಜಾಕೀಟು ತೊಡಿಸಿ ಲಾಡಿ ಬಿಗಿಯುತ್ತಾರೆ.

“ಕೈ ಮ್ಯಾಲ ಎತ್ತವ್ವಾ. ಉಸಿರು ತಗೋ. ಬಿಗಿ ಆತೇನು?”

“ಆತ ಯಕ್ಕಾ.”

“ಆಗ್ಲಿ. ಸಡ್ಲ ಇದ್ರ ನೀ ಕೆಳಗ ಹೋಗ್ತಿ, ಅದು ಮ್ಯಾಲ ಬರ್ತೈತಿ.”

ಸಹಾಯಕ ನಿರ್ದೇಶಕ ಓಡಿ ಬರುತ್ತಾನೆ. “ಅಮ್ಮಾ, ಮಂಜು ಹೋಗ್ತಾ ಇದೆ, ಬೇಗ!”

“ಮಂಜು ನಾಳಿನೂ ಬರ್ತೈತಿ ತಮ್ಮಾ. ಇನ್ನ ಒಂಬತ್ತು ಮಂದಿ ಅದಾರ.” ಸಕ್ಕುಬಾಯಿಯ ಕೈ ನಿಲ್ಲುವುದಿಲ್ಲ, ಅವಸರವನ್ನೂ ಮಾಡುವುದಿಲ್ಲ.

ಧಾರವಾಡ ಕಡೆಯ ಹಳ್ಳಿಯಿಂದ ಮದುವೆಯಾಗಿ ದಾಂಡೇಲಿಗೆ ಬಂದವರು ಇವರು. ಗಂಡ ಶೇಖಪ್ಪ ಕಾಗದ ಕಾರ್ಖಾನೆಗೆ ಬರುವ ಲಾರಿಗಳಲ್ಲಿ ಹಮಾಲಿ. ಬಂಗೂರನಗರದ ಬದಿಯ ಮನೆಯ ಪಡಸಾಲೆಯಲ್ಲಿ ಸಕ್ಕುಬಾಯಿಯ ಹೊಲಿಗೆ ಯಂತ್ರ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವರಿಗೆ ನದಿಯಲ್ಲಿ ಪ್ರವಾಸಿಗರನ್ನು ತೇಲಿಸುವ ಕ್ಯಾಂಪೊಂದರ ಹರಿದ ಜೀವರಕ್ಷಕ ಜಾಕೀಟುಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಸಿನಿಮಾದವರು ಜಾಕೀಟುಗಳನ್ನು ಬಾಡಿಗೆಗೆ ಒಯ್ದಾಗ, ಅಷ್ಟನ್ನೂ ಎಣಿಸಿ ವಾಪಸು ತರಲು ಇವರೂ ಜೊತೆಗೆ ಹೋಗಬೇಕಿತ್ತು.

ಆರು ವರ್ಷದ ಹಿಂದೆ ಹಾಗೆ ಹೋದಾಗಲೇ ಕಂಡದ್ದು. ನಲವತ್ತು ಜಾಕೀಟು ಹೋಗಿದ್ದವು. ಕೆಲವನ್ನು ಚಿತ್ರತಂಡದ ದೊಡ್ಡ ಮಂದಿ ತೊಟ್ಟಿದ್ದರು, ಉಳಿದವನ್ನು ಕ್ಯಾಮೆರಾ ಪೆಟ್ಟಿಗೆಗಳಿಗೆ ಕಟ್ಟಿದ್ದರು. ದೋಣಿಯಲ್ಲಿ ಕೂತ ಹೆಂಗಸರಿಗೆ ಒಂದೂ ಇರಲಿಲ್ಲ. ಜಾಕೀಟಿನ ಕೇಸರಿ ಬಣ್ಣ ತೆರೆಯ ಮೇಲೆ ಕಾಣುತ್ತದೆ ಎಂದರಂತೆ.

“ಪೆಟಿಗಿ ತೇಲಬೇಕಂತ, ಹೆಣ್ಮಕ್ಕಳು ಮುಳುಗಿದ್ರ ನಡೀತದಂತ,” ಎನ್ನುವಾಗ ಸಕ್ಕುಬಾಯಿಯ ದನಿ ಇವತ್ತಿಗೂ ಏರುತ್ತದೆ.

ಅಲೆ ಎಬ್ಬಿಸಲೆಂದು ಮೋಟಾರು ದೋಣಿ ಪಕ್ಕದಲ್ಲೇ ಸುತ್ತು ಹೊಡೆಯಿತು. ಅಂಚಿನಲ್ಲಿ ಕೂತಿದ್ದ ದುರ್ಗವ್ವ ನೀರಿಗೆ ಬಿದ್ದರು. ಪಾಳಾ ಎಂಬ ಊರಿನ ರೈತರ ಮನೆಯಾಕೆ, ದಾಂಡೇಲಿಯ ತಂಗಿಯ ಮನೆಗೆ ಬಂದಿದ್ದವರು ನಾಲ್ಕು ದಿನದ ಕೂಲಿಗೆಂದು ಬಂದಿದ್ದರು. ಕಾಲಿಗೆ ಸೀರೆ ಸುತ್ತಿಕೊಂಡು ಎರಡು ಸಲ ಮುಳುಗಿದರು. ಅಂಬಿಗರಿಬ್ಬರು ಹಾರಿ ಎಳೆದು ತಂದರು. ಅಷ್ಟು ಹೊತ್ತೂ ಕ್ಯಾಮೆರಾ ನಿಲ್ಲಲಿಲ್ಲ.

ಮರುವರ್ಷ ಆ ಚಿತ್ರವನ್ನು ಧಾರವಾಡದ ಟಾಕೀಸಿನಲ್ಲಿ ಸಕ್ಕುಬಾಯಿ, ದುರ್ಗವ್ವ ಇಬ್ಬರೂ ಒಟ್ಟಿಗೆ ನೋಡಿದರು. ದುರ್ಗವ್ವ ಮುಳುಗಿದ್ದು ತೆರೆಯ ಮೇಲೆ ಹಾಗೇ ಇತ್ತು.

“ಜನ ಸೀಟಿ ಹೊಡದ್ರು. ‘ಏನ್ ಆಕ್ಟಿಂಗ್ ಮಾಡ್ಯಾಳಲೇ’ ಅಂದ್ರು. ದುರ್ಗಿ ನನ್ನ ಕೈ ಹಿಡಕೊಂಡಿದ್ಲು. ಅಕಿ ಉಗುರು ನಟ್ಟು ರಕ್ತ ಬಂತು. ಅವತ್ತ ಅನ್ಕೊಂಡೆ, ಇನ್ನೊಮ್ಮೆ ಹಿಂಗ ಆಗಗೊಡೂದಿಲ್ಲ ಅಂತ.”

ಊರಿಗೆ ಬಂದವರೇ ಸಕ್ಕುಬಾಯಿ ಕತ್ತರಿ ಹಿಡಿದರು. ಮೊದಲ ಜಾಕೀಟಿಗೆ ಹಾಸಿಗೆಯ ಸ್ಪಂಜು ತುಂಬಿದರು. ಅದು ನೀರು ಕುಡಿದು ಕಲ್ಲಿನಂತಾಯಿತು. ಆಮೇಲೆ ಕ್ಯಾಂಪಿನವರು ಎಸೆದ ಹಳೆಯ ಜಾಕೀಟುಗಳ ಬಿಳಿ ಫೋಮನ್ನು ಬಿಚ್ಚಿ, ತೆಳುವಾದ ಪಟ್ಟಿಗಳಾಗಿ ಕೊಯ್ದರು. ಎದೆಗೆ ಆರು, ಬೆನ್ನಿಗೆ ನಾಲ್ಕು, ಮೇಲೆ ಜಾರದಂತೆ ತೊಡೆಗೆ ಎರಡು ಲಾಡಿ. ಒಂದಕ್ಕೆ ಒಂದೂವರೆ ದಿನದ ಹೊಲಿಗೆ. ಪ್ರತಿಯೊಂದನ್ನೂ ಅವರು ಸ್ವತಃ ತೊಟ್ಟು ನದಿಗೆ ಇಳಿದೇ ನೋಡುತ್ತಾರೆ. ಸಕ್ಕುಬಾಯಿಗೆ ಈಜು ಬರುವುದಿಲ್ಲ.

“ಸೊಂಟಕ್ಕ ಹಗ್ಗ ಕಟ್ಟಿ ನನ್ನ ಕೈಯಾಗ ಕೊಡ್ತಾಳ್ರೀ. ‘ನಾ ಕೂಗೂತನಕ ಎಳೀಬ್ಯಾಡ್ರಿ’ ಅಂತಾಳ. ನಾ ಹಗ್ಗಾನ ಮುಂಗೈಗೆ ಎರಡು ಸುತ್ತು ಸುತ್ಕೊಂಡು ನಿಂದರ್ತೇನಿ,” ಎನ್ನುತ್ತಾರೆ ಶೇಖಪ್ಪ.

ಹನ್ನೆರಡು ಜಾಕೀಟು ಹೊಲಿದು ಮುಂದಿನ ಚಿತ್ರೀಕರಣಕ್ಕೆ ಒಯ್ದರೆ, ವಸ್ತ್ರ ವಿಭಾಗದವರು ಒಪ್ಪಲಿಲ್ಲ. ಎಲ್ಲರೂ ದಪ್ಪ ಕಾಣುತ್ತಾರೆ ಎಂದರು.

“ಮೀನಾ ಹಿಡಿಯೋರ ಮನಿ ಹೆಣ್ಮಕ್ಕಳು ದಪ್ಪ ಇರಬಾರದೇನ್ರಿ?” ಎಂದು ಕೇಳಿದ ಸಕ್ಕುಬಾಯಿ ಸೀದಾ ಹೋಗಿ ಖಾಲಿ ದೋಣಿಯಲ್ಲಿ ಕೂತುಬಿಟ್ಟರು. ಹೆಂಗಸರು ಜಾಕೀಟು ತೊಡುವವರೆಗೆ ಇಳಿಯುವುದಿಲ್ಲ ಎಂದರು. ಸಿನಿಮಾದವರು ಬೈದರು, ಪೊಲೀಸರನ್ನು ಕರೆಸುತ್ತೇವೆಂದರು. ಇವರು ಕದಲಲಿಲ್ಲ. ಎಂಟು ಗಂಟೆಯಾಯಿತು. ಮಂಜಿನಿಂದ ಒಂದೊಂದೇ ಮರ ಹೊರಬಂದು ಆ ದಿನದ ಸಮುದ್ರ ಹಾಳಾಯಿತು.

ಮರುದಿನ ಬೇರೆ ಹೆಂಗಸರನ್ನು ತಂದು ಜಾಕೀಟಿಲ್ಲದೆಯೇ ದೃಶ್ಯ ತೆಗೆದರು. ಯಾರಿಗೂ ಏನೂ ಆಗಲಿಲ್ಲ. “ನೋಡಿದಿರಾ?” ಎಂದು ನಕ್ಕರು. ಇನ್ನು ಬರಬೇಡಿ ಎಂದು ಕ್ಯಾಂಪಿನವರೂ ಹೇಳಿದರು. ಹದಿನಾಲ್ಕು ತಿಂಗಳು ಸಕ್ಕುಬಾಯಿಗೆ ಮತ್ತೆ ಸಮವಸ್ತ್ರವೇ ಗತಿಯಾಯಿತು. ಆದರೂ ತಿಂಗಳಿಗೆ ಎರಡು ಜಾಕೀಟು ಹೊಲಿದು ಟ್ರಂಕಿನಲ್ಲಿ ಇಡುವುದನ್ನು ಬಿಡಲಿಲ್ಲ. ಸೋತೆ ಅನಿಸಲಿಲ್ಲವೇ ಎಂದರೆ, “ಯಾಕ ಸೋಲ್ಲಿ? ಅವರು ಕರೀಲಿಲ್ಲ, ನಾ ತಪ್ಪು ಅಂತ ಒಪ್ಪಲಿಲ್ಲ,” ಎನ್ನುತ್ತಾರೆ.

ಅವರನ್ನು ಮತ್ತೆ ನೀರಿನ ಬದಿಗೆ ತಂದವರು ದುರ್ಗವ್ವ. ಹೊಸ ಚಿತ್ರತಂಡವೊಂದು ಹೆಂಗಸರನ್ನು ಹುಡುಕುತ್ತಿದೆ ಎಂದು ತಿಳಿದು ಪಾಳಾದಿಂದ ಬಸ್ಸು ಹತ್ತಿ ಬಂದರು. ಕೂಲಿಗೆ ಸೇರಿದವರ ಮನೆಮನೆಗೆ ಹೋಗಿ, ತಾನು ಮುಳುಗಿದ್ದನ್ನು ಹೇಳಿದರು. ಚಿತ್ರೀಕರಣದ ದಿನ ಮೂವತ್ತು ಮಂದಿಯೂ ದಂಡೆಯಲ್ಲೇ ನಿಂತರು. “ಸಕ್ಕುಬಾಯಿ ಜಾಕೀಟು ಬರಲಿ, ಆಮ್ಯಾಲ ಹತ್ತತೇವಿ” ಎಂದರು. ಒಂಬತ್ತರ ಹೊತ್ತಿಗೆ ಸಿನಿಮಾದವರ ಜೀಪು ಸಕ್ಕುಬಾಯಿಯ ಮನೆ ಮುಂದಿತ್ತು. ಟ್ರಂಕು ಹಾಗೇ ಜೀಪು ಏರಿತು.

ಈಗ ಅವರ ಬಳಿ ಅರವತ್ಮೂರು ಜಾಕೀಟುಗಳಿವೆ. ಸಮುದ್ರದ ಕತೆ ಹಿಡಿದು ಈ ಕಡೆ ಬರುವವರು ಮೊದಲು ಅವರಿಗೇ ಫೋನು ಮಾಡುತ್ತಾರೆ. ಎಲ್ಲರೂ ಸಂತೋಷದಿಂದಲ್ಲ. ಮಕ್ಕಳ ಅಳತೆಯವು ಇನ್ನೂ ಆಗಿಲ್ಲ, ಈ ಮಳೆಗಾಲ ಮುಗಿಯುವುದರೊಳಗೆ ಇಪ್ಪತ್ತಾದರೂ ಹೊಲಿಯಬೇಕು ಎಂಬುದು ಅವರ ಆಸೆ. ಅವು ಆಗುವವರೆಗೆ ಮಕ್ಕಳನ್ನು ದೋಣಿ ಹತ್ತಿಸಲು ಬಿಡುವುದಿಲ್ಲ ಎಂದು ಈಗಾಗಲೇ ಎರಡು ತಂಡಗಳೊಂದಿಗೆ ಜಗಳವಾಗಿದೆ.

ಏಳು ಗಂಟೆ. ಇಪ್ಪತ್ತೆರಡನೆಯ ಲಾಡಿಯೂ ಬಿಗಿಯಾಗಿದೆ. ದುರ್ಗವ್ವ ಎಲ್ಲರಿಗಿಂತ ಮೊದಲು ದೋಣಿ ಹತ್ತಿ ಅಂಚಿನಲ್ಲಿ ಕೂರುತ್ತಾರೆ. ಮೋಟಾರು ದೋಣಿ ಸದ್ದು ಮಾಡುತ್ತದೆ. ಸಕ್ಕುಬಾಯಿ ದಂಡೆಯಲ್ಲಿ ನಿಂತು, ಕಣ್ಣು ಮಿಟುಕಿಸದೆ ತಲೆ ಎಣಿಸುತ್ತಿದ್ದಾರೆ.

ಈ ಜಾಕೀಟುಗಳು ಇದುವರೆಗೆ ಎಷ್ಟು ಜೀವ ಉಳಿಸಿವೆ ಎಂದು ನಾನು ಕೇಳುತ್ತೇನೆ. ಅವರು ತಿರುಗಿ ನನ್ನನ್ನು ದುರುಗುಟ್ಟಿ ನೋಡುತ್ತಾರೆ.

“ಒಂದೂ ಇಲ್ರಿ. ಇವತ್ತಿನ ಮಟಾ ಒಬ್ಬಾಕಿನೂ ಬಿದ್ದಿಲ್ಲ. ಬೀಳಲಿ ಅಂತ ಹೊಲೀತೇನೇನ್ರಿ? ಬಿದ್ರ ತೇಲ್ತಾರ. ಅಷ್ಟ ನನ್ನ ಕೆಲಸ.”