ಮೂರು ನೀರು

ಚಿಕ್ಕಬಳ್ಳಾಪುರದ ನಮ್ಮ ಮನೆಯ ನಲ್ಲಿ ನೀರು ಕೆಲವು ದಿನ ಮೂಗಿಗೆ ಹೊಡೆಯುವಷ್ಟು ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದೆ. ಮೊನ್ನೆ ಮಗಳು ಹಟ ಹಿಡಿದು ತರಿಸಿಕೊಂಡ ಮೀನಿನ ತೊಟ್ಟಿಗೆಂದು ಬಕೆಟ್ ಇಟ್ಟಾಗಲೂ ಅದೇ ವಾಸನೆ. ಈ ನೀರು ಎರಡು ದಿನ ಬಕೆಟ್ಟಿನಲ್ಲೇ ಇರಲಿ, ಆಮೇಲೆ ಮೀನು ಬಿಡೋಣ ಎಂದೆ. ಅವಳು ಮುಖ ಊದಿಸಿಕೊಂಡು ಹೋದಳು. ನಾನು ಬಚ್ಚಲ ಹೊಸ್ತಿಲ ಮೇಲೆ ಕೂತೆ. ಸತ್ತವರನ್ನು ಕೈಹಿಡಿದು ಕರೆತರುವ ಒಂದು ವಾಸನೆ ನಿಮಗೂ ಇರಬಹುದು. ನನ್ನದು ಮಲ್ಲಿಗೆಯೋ ಬೆಲ್ಲದ ಪಾಕವೋ ಆಗಿದ್ದರೆ ಚೆನ್ನಾಗಿತ್ತು. ನನ್ನ ಹಣೆಬರಹ, ಇದು.

ಜಂಗಮಕೋಟೆ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೆ ಮರ್ಯಾದೆ ಜಾಸ್ತಿ. ಹುಳದ ಕೋಣೆಗೆ ಚಳಿಗಾಲದಲ್ಲಿ ಇದ್ದಿಲ ಕಾವು, ನಮಗೆ ಹಳೇ ಕಂಬಳಿ. ಅಜ್ಜಿಯ ಅಪ್ಪಣೆಯಿಲ್ಲದೆ, ಕಾಲು ತೊಳೆಯದೆ ಒಳಗೆ ಹೋಗುವಂತಿರಲಿಲ್ಲ. ಪ್ರತಿ ಬೆಳೆ ಮುಗಿದಾಗಲೂ ಆ ಕೋಣೆಯ ಒಂದು ಕಡ್ಡಿಯನ್ನೂ ಬಿಡದೆ ಬ್ಲೀಚಿಂಗ್ ನೀರಲ್ಲಿ ತೊಳೆದು ಬಿಸಿಲಿಗೆ ಹಾಕುತ್ತಿದ್ದಳು. ನನ್ನ ಶೈಲಕ್ಕನಿಗೆ ಹುಟ್ಟಿನಿಂದ ಹೃದಯದ ತೊಂದರೆ. ನಾಲ್ಕು ಹೆಜ್ಜೆ ನಡೆದರೆ ತುಟಿ ನೀಲಿಯಾಗುತ್ತಿತ್ತು. ಸ್ಕೂಲು ಬಿಟ್ಟು ನಡುಮನೆಯ ಮಂಚ ಹಿಡಿದಿದ್ದ ಅವಳು ಡಾಕ್ಟರ ಬಳಿ ಕಾಯುವಾಗ ಕಂಡ ಬಣ್ಣದ ಮೀನುಗಳನ್ನು ಬೇಕೆಂದಳು. ಎಂದೂ ಏನನ್ನೂ ಕೇಳದವಳು. ಅಪ್ಪ ಗಾಜಿನ ತೊಟ್ಟಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಇವು ಬೆಚ್ಚಗಿನ ದೇಶದ ಮೀನು, ಚಳಿ ತಡೆಯುವುದಿಲ್ಲ ಎಂದಿದ್ದನಂತೆ ಅಂಗಡಿಯವನು. ಮನೆಯಲ್ಲಿ ಬೆಚ್ಚಗಿದ್ದದ್ದು ಹುಳದ ಕೋಣೆ ಒಂದೇ. ಅಜ್ಜಿ ಜಗಳ ತೆಗೆಯುತ್ತಾಳೆಂದು ನಾವೆಲ್ಲ ಕಾದಿದ್ದರೆ, ಅವಳೇ ಆ ಕೋಣೆಯ ಬಾಗಿಲ ಪಕ್ಕದ ಎರಡು ಹುಳದ ತಟ್ಟೆ ಸರಿಸಿ ಜಾಗ ಮಾಡಿದಳು. ನಾನು ಮರಳು ತೊಳೆದು ಹಾಸಿದೆ. ಗುಳುಗುಳು ಎನ್ನುವ ಪಂಪು, ಕಿತ್ತಳೆ, ಕಪ್ಪು, ಪಟ್ಟೆಪಟ್ಟೆಯ ಆರು ಮೀನು. ಅಕ್ಕ ಮಂಚದಿಂದಲೇ ತೆರೆದ ಬಾಗಿಲಲ್ಲಿ ನೋಡುತ್ತ ಅವಕ್ಕೆ ನೆಂಟರ ಹೆಸರಿಟ್ಟಳು. ದಪ್ಪ ಹೊಟ್ಟೆಯದು ನಮ್ಮ ಸೋದರತ್ತೆ. ಅವಳು ಉಸಿರು ಕಟ್ಟುವಷ್ಟು ನಗುತ್ತಿದ್ದುದನ್ನು ನಾನು ಕಂಡದ್ದು ಆ ಎರಡು ತಿಂಗಳು ಮಾತ್ರ.

ಆ ಚಳಿಗಾಲ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಸೀಮೆಸುಣ್ಣದ ಚೂರುಗಳಂತೆ ಬೆಳ್ಳಗೆ ಸೆಟೆದುಕೊಂಡ ಹುಳುಗಳನ್ನು ಗುಂಡಿಗೆ ಸುರಿದು ಮುಚ್ಚಿದೆವು. ಅದೇ ವಾರ ಅಕ್ಕನ ಕಾಯಿಲೆ ಜೋರಾಗಿ, ಅಪ್ಪ ಅಮ್ಮ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಮನೆ ತೊಳೆಯಲು ಉಳಿದದ್ದು ಅಜ್ಜಿ ಮತ್ತು ಹನ್ನೊಂದು ವರ್ಷದ ನಾನು. ರೋಗ ಬಂದ ಕೋಣೆಯಲ್ಲಿದ್ದ ತೊಟ್ಟಿಯನ್ನು ಅಜ್ಜಿ ಬಿಡುವುದುಂಟೇ? ಮೀನುಗಳನ್ನು ಬಿಂದಿಗೆಗೆ ಬಿಟ್ಟು, ತೊಟ್ಟಿಗೂ ಮರಳಿಗೂ ಬ್ಲೀಚಿಂಗ್ ಹಾಕಿ ಉಜ್ಜಿದಳು. "ಮೂರು ನೀರು ಹಾಕಿ ತೊಳ್ದು ಎರಡು ದಿನ ಬಿಸ್ಲಿಗೆ ಇಕ್ಕಮ್ಮ. ವಾಸ್ನೆ ಪೂರ್ತಿ ಹೋಗ್ಬೇಕು" ಎಂದು ಹೇಳಿ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಹೋದಳು. ಅಷ್ಟರಲ್ಲಿ ಪಕ್ಕದ ಮನೆಗೆ ಫೋನು ಬಂತು, ಸಂಜೆಯೇ ಅಕ್ಕನನ್ನು ಕರೆತರುತ್ತಾರಂತೆ. ಅವಳು ಬರುವಾಗ ಮೀನು ಕಣ್ಣಿಗೆ ಬೀಳಬೇಕು ಎನ್ನುವ ಆತುರ ನನಗೆ. ಒಂದೇ ನೀರಲ್ಲಿ ತೊಳೆದು, ತುಂಬಿಸಿ, ಮೀನು ಬಿಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಅವು ಬಾಯಿ ತೆರೆಯುತ್ತ ಮೇಲಕ್ಕೆ ಬಂದವು. ದೀಪ ಹಚ್ಚುವ ಹೊತ್ತಿಗೆ ಆರೂ ಮಗುಚಿ ತೇಲುತ್ತಿದ್ದವು.

ಅಕ್ಕನನ್ನು ಎತ್ತಿಕೊಂಡು ಅಪ್ಪ ಒಳಬಂದಾಗ ಅವಳು ಮೊದಲು ನೋಡಿದ್ದು ತೊಟ್ಟಿಯ ಕಡೆಗೇ. ನಾನು ಬಾಯಿ ತೆರೆಯುವ ಮೊದಲೇ, ತೋಟದಿಂದ ಬಂದು ಎಲ್ಲ ನೋಡಿದ್ದ ಅಜ್ಜಿ ಮುಂದೆ ಬಂದಳು.

"ನಾನೇ ಕಣಮ್ಮ. ಹುಳದ ತಟ್ಟೆ ಹಂಗೆ ತೊಳ್ದುಬಿಟ್ಟೆ. ಗೊತ್ತಾಗ್ಲಿಲ್ಲ."

"ನಿಂಗೆ ನಿನ್ ಹುಳಾನೇ ಹೆಚ್ಚು ಅಜ್ಜಿ" ಎಂದು ಅಕ್ಕ ಗೋಡೆಯ ಕಡೆ ಹೊರಳಿದಳು. ಅಜ್ಜಿ ನನ್ನತ್ತ ಒಮ್ಮೆ ನೋಡಿದಳು, ಅಷ್ಟೆ. ಅದರಲ್ಲಿ ಸಿಟ್ಟಿರಲಿಲ್ಲ. ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಅಕ್ಕನನ್ನು ಮನೆಗೆ ಕಳಿಸಿದ್ದು ದೊಡ್ಡವರಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಈಗ ಆ ಮನೆ ಇಲ್ಲ. ಹುಳದ ಕೋಣೆ ಇದ್ದಲ್ಲಿ ಯಾರದೋ ದ್ರಾಕ್ಷಿ ತೋಟವಿದೆ. ಅಜ್ಜಿ ಅಕ್ಕನ ನಂತರವೂ ಎಂಟು ವರ್ಷ ಬದುಕಿದ್ದಳು, ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೇಡಿ ನಾನು.

ಮೀನು ಸತ್ತ ಮೇಲೆ ಅಕ್ಕ ಇದ್ದದ್ದು ಇಪ್ಪತ್ತು ದಿನ. ಅಷ್ಟು ದಿನವೂ ಅವಳು ಅಜ್ಜಿಯೊಡನೆ ಮಾತಾಡಲಿಲ್ಲ, ಅವಳ ಕೈಯಿಂದ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಅಜ್ಜಿ ರಾಗಿ ಗಂಜಿ ಕಾಸಿ, ಆರಿಸಿ, ಲೋಟವನ್ನು ನನ್ನ ಕೈಗೆ ಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅಕ್ಕ ನನ್ನ ಕೈಯಿಂದ ಕುಡಿಯುತ್ತಿದ್ದಳು. ನಾಳೆ ಹೇಳಿಬಿಡುತ್ತೇನೆ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಹೊರಗೆ ಬಂದರೆ ಅಜ್ಜಿ ದಿನವೂ ಒಂದೇ ಮಾತು ಕೇಳುತ್ತಿದ್ದಳು, "ಎಷ್ಟು ಕುಡುದ್ಲಮ್ಮ?"

ಕೊನೆಯ ದಿನ ಗಂಜಿ ಲೋಟದಲ್ಲಿ ಹಾಗೇ ಇತ್ತು. ಅಜ್ಜಿಗೆ ಪೂರ್ತಿ ಕುಡಿದಳು ಎಂದು ಹೇಳಿ, ಲೋಟವನ್ನು ಲಂಗದ ಮರೆಯಲ್ಲಿ ಹಿಡಿದು ಹಿತ್ತಲಿಗೆ ಹೋದೆ. ಗಂಜಿಯನ್ನು ಚೆಲ್ಲಿ, ಲೋಟವನ್ನು ಮೂರು ನೀರು ಹಾಕಿ ತೊಳೆದೆ.