ಹನುಮಪ್ಪ ಕೇಳದ ಬೇಡಿಕೆ

ಭಕ್ತ ಬಂಧುಗಳೇ, ನನ್ನ ಸಿಟ್ಟು ಪೂರ್ತಿ ಇಳಿದ ಮೇಲೆ ಬರೆಯೋಣವೆಂದಿದ್ದೆ. ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹೋದ ವರ್ಷದ ಶ್ರಾವಣದಲ್ಲಿ ನಾನು ಮೂರು ತಿಂಗಳ ಬಸುರಿ. ಬೇಗಂಪೇಟೆಯ ಆಸ್ಪತ್ರೆಯಲ್ಲಿ ಗರ್ಭದಲ್ಲಿ ಕೂಸನ್ನು ಪೋಷಿಸುವ ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಒಂದು ಕ್ರೋಮೋಸೋಮ್ ಹೆಚ್ಚಿಗೆ ಕಂಡಿತು. ದೋಷ ಮಾಸಿನಲ್ಲಷ್ಟೇ ಇರಬಹುದು, ಕೂಸಿನಲ್ಲಿ ಇಲ್ಲದಿರಬಹುದು, ಒಂದು ತಿಂಗಳು ತಾಳಿ ಗರ್ಭದ ನೀರು ಪರೀಕ್ಷಿಸೋಣ ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿದರು.

ಆ ತಿಂಗಳು ಹನುಮಪ್ಪನ ಮೇಲೆಯೇ ಮುನಿಸಿಕೊಂಡೆ. ಮದುವೆಯಾದಾಗಿನಿಂದ ಒಂದು ಶನಿವಾರವೂ ಅವನ ಗುಡಿ ತಪ್ಪಿಸಿದವಳಲ್ಲ, ನನಗೇ ಹೀಗೆ ಮಾಡುವುದೇ? ಕಲಬುರಗಿಯಿಂದ ಬಂದ ಅವ್ವ, "ಸಿಟ್ಟು ಮಾಡಬ್ಯಾಡ. ನಡಿ, ಇಬ್ಬರೂ ಕೂಡಿ ಬೇಡಿಕೊಳ್ಳೂಣು" ಎಂದು ಮಿಯಾಪುರದ ನಮ್ಮ ಮನೆ ಹತ್ತಿರದ ಗುಡಿಗೆ ಕರೆದೊಯ್ದಳು. ಆಕೆ ಮುಂದೆ, ನಾನು ಹಿಂದೆ, ಹನ್ನೊಂದು ಪ್ರದಕ್ಷಿಣೆ. ಕೂಸನ್ನು ಉಳಿಸಪ್ಪಾ ಎಂಬುದೊಂದೇ ನನ್ನ ಮಾತು. ಅವ್ವನದೂ ಅದೇ ಎಂದು ನಂಬಿದ್ದೆ.

ನೀರಿನ ರಿಪೋರ್ಟಿನಲ್ಲಿ ಕೂಸಿಗೆ ದೋಷವಿಲ್ಲ ಎಂದು ಬಂತು. ಆಸ್ಪತ್ರೆಯಲ್ಲೇ ಅತ್ತುಬಿಟ್ಟೆ. ಆದರೆ ಕೆಟ್ಟ ಮಾಸು ಕೂಸಿಗೆ ಹೊಟ್ಟೆ ತುಂಬ ಉಣ್ಣಿಸಲಿಲ್ಲ. ಎರಡು ವಾರಕ್ಕೊಮ್ಮೆ ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸಿ ಸ್ಕ್ಯಾನಿಗೆ ಹೋಗುವುದು, ಬೆಳವಣಿಗೆ ಸಾಲದು ಎಂದು ಕೇಳಿಸಿಕೊಂಡು ಬರುವುದು. ಎಂಟನೇ ತಿಂಗಳಲ್ಲಿ, ಇನ್ನು ಕಾಯುವಂತಿಲ್ಲ ಎಂದು ಆಪರೇಷನ್ ಮಾಡಿದರು. ಗಂಡು ಕೂಸು, ಒಂದು ಕಿಲೋ ಮುನ್ನೂರು ಗ್ರಾಂ.

ಮೂರನೇ ದಿನ ಗೋಡೆ ಹಿಡಿದುಕೊಂಡು ಕೂಸುಗಳ ಐಸಿಯುವರೆಗೆ ನಡೆದೆ. ಗಾಜಿನ ಮುಂದೆ ಅವ್ವ ನಿಂತಿದ್ದಳು. ನಾನು ಬಂದದ್ದು ಆಕೆಗೆ ತಿಳಿಯಲಿಲ್ಲ. "ಹನುಮಪ್ಪಾ, ನಾ ಬೇಡಿದ್ದು ಮರ್ತುಬಿಡೋ ನಮ್ಮಪ್ಪಾ. ಆಕಿ ಬೇಡಿದ್ದಷ್ಟ ಕೇಳು" ಎನ್ನುತ್ತಿದ್ದಳು.

"ನೀ ಏನ್ ಬೇಡಿದ್ದಿ, ಅವ್ವಾ?"

ಗಾಜಿನ ಕಡೆಗೇ ಮುಖ ಮಾಡಿ ಹೇಳಿದಳು, "ಕೂಸಿಗೇ ದೋಷ ಐತಿ ಅಂತ ತಿಳಕೊಂಡಿದ್ದೆ. ಜಲ್ಮ ಪೂರಾ ನೀ ತ್ರಾಸ ಪಡ್ತಿ ಅಂತ ಹೇಳಿ, ಈಗೇ ಕರಕೊಂಡುಬಿಡು ಅಂದಿದ್ದೆ."

ನನ್ನ ಮುಂದೆ ನಡೆಯುತ್ತಲೇ ನನ್ನ ಕೂಸಿನ ಸಾವು ಬೇಡಿದ್ದಳು! ಹೊರಗಿನವರಾಗಿದ್ದರೆ ಸಹಿಸುತ್ತಿದ್ದೆನೇನೋ. ಡಿಸ್ಚಾರ್ಜ್ ಆಗುವವರೆಗೂ ಆಕೆ ತಂದ ಊಟದ ಡಬ್ಬಿ ಮುಟ್ಟಲಿಲ್ಲ. ಸುಮ್ಮನೆ ಮುನಿಸಿಕೊಂಡಿದ್ದಕ್ಕೆ ಹನುಮಪ್ಪನ ಹತ್ತಿರ ಮಾತ್ರ ತಪ್ಪಾಯಿತು ಅಂದೆ.

ಒಂದೂವರೆ ತಿಂಗಳಿಗೆ ಕೂಸು ಮನೆಗೆ ಬಂತು. ಈಗ ಅಂಬೆಗಾಲಿಡುತ್ತಾನೆ. ಎಣ್ಣೆ ಹಚ್ಚಿ ಎರೆಯುವವಳು ಅವ್ವನೇ. ಬೇಡ ಎನ್ನುವುದಿಲ್ಲ. ಕ್ಷಮಿಸಿದ್ದೇನೆ ಎಂದು ದೇವರ ಮುಂದೆ ಸುಳ್ಳನ್ನೂ ಹೇಳುವುದಿಲ್ಲ. ಈಗ ಪ್ರತಿ ಶನಿವಾರ ಎರಡು ಸಲ ಅಡ್ಡಬೀಳುತ್ತೇನೆ. ನನ್ನ ಮಾತು ಕೇಳಿದ್ದಕ್ಕೆ ಒಂದು, ಅವ್ವನ ಮಾತು ಕೇಳದಿದ್ದುದಕ್ಕೆ ಒಂದು.