ನನಗಿಂತ ಮೊದಲೇ ಬಂದು ಹೋದವಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಮುಸ್ಸಂಜೆಯಲ್ಲಿ ಕೂದಲು ಬಿಚ್ಚಬೇಡ ಎಂದು ಅವ್ವ ಗದರಿದರೆ, ಬೇಕೆಂದೇ ಬಾಗಿಲಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಹೊನ್ನಾಳಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶಾಲೆಯ ದಿನಗಳಿಂದಲೂ ನಾಟಕದ ಹುಚ್ಚು. ಧಾರಾವಾಹಿಯಲ್ಲಿ ಪಾತ್ರ ಸಿಗಬೇಕಾದರೆ ಮೊದಲು ಒಳ್ಳೆಯ ಫೋಟೊಗಳ ಪೋರ್ಟ್‌ಫೋಲಿಯೊ ಮಾಡಿಸಬೇಕೆಂದು ಬಲ್ಲವರು ಹೇಳಿದ್ದರು. ಮನೆಯಲ್ಲಿ ಗಂಡು ನೋಡುತ್ತಿದ್ದರು. "ಇದೊಂದು ಸಲ ಮಾಡು. ಆಗ್ಲಿಲ್ಲ ಅಂದ್ರೆ ನಾವು ಹೇಳಿದಂಗೆ ಕೇಳ್ಬೇಕು" ಎಂದು ಅಪ್ಪ ಒಪ್ಪಿದ್ದರು. ಭಾನುವಾರ ಬೆಳಿಗ್ಗೆ ಸಂತೇಬೆನ್ನೂರಿನ ಹಳೆಯ ಕಲ್ಲಿನ ಹೊಂಡದ ಹತ್ತಿರ ಬರುವಂತೆ ದಾವಣಗೆರೆಯ ಫೋಟೊಗ್ರಾಫರ್ ಪ್ರವೀಣ್ ತಿಳಿಸಿದ್ದರು.

ಹಿಂದಿನ ದಿನ ಮಧ್ಯಾಹ್ನ ರಜೆ ಹಾಕಿ, ಫೋಟೊಗೆ ಉಡಬೇಕೆಂದಿದ್ದ ಹಸಿರು ಸೀರೆಯ ಬ್ಲೌಸ್ ತರಲು ಟೈಲರ್ ಶಕೀಲಕ್ಕನ ಮನೆಗೆ ಹೋದೆ. ಅವರು ತಲೆಯೆತ್ತಿ ನೋಡಿ, "ಆಗ್ಲೇ ಬಂದು ಹಾಕ್ಕಂಡು ನೋಡಿದ್ಯಲ್ಲಮ್ಮ. ತೋಳು ಬಿಗಿ ಐತೆ ಅಂದೆ, ಅದನ್ನೇ ಬಿಚ್ತಾ ಇದೀನಿ" ಎಂದರು. ಯಾರನ್ನೋ ನಾನೆಂದುಕೊಂಡಿರಬೇಕು ಎನಿಸಿತು. ಬ್ಲೌಸ್ ತೊಟ್ಟು ನೋಡಿದೆ. ಇನ್ನೂ ಬಿಚ್ಚದಿದ್ದ ಇನ್ನೊಂದು ತೋಳು ನಿಜಕ್ಕೂ ಬಿಗಿಯಾಗಿತ್ತು.

ಅಲ್ಲಿಂದ ಬ್ಯೂಟಿ ಪಾರ್ಲರ್‌ಗೆ ಹೋದೆ. ಅದನ್ನು ನಡೆಸುವ ರೇಣುಕಾ, "ಮತ್ಯಾಕೆ ಬಂದ್ರಿ? ಹುಬ್ಬು ಸರಿ ಆಗ್ಲಿಲ್ವಾ?" ಎಂದು ನಗುತ್ತಾ ಹತ್ತಿರ ಬಂದಳು. ನನ್ನ ಹುಬ್ಬು ನೋಡಿದ್ದೇ ಅವಳ ನಗು ನಿಂತುಹೋಯಿತು. ತಿಂಗಳಿನಿಂದ ಅದಕ್ಕೆ ದಾರ ತಾಗಿರಲಿಲ್ಲ. "ನಾನೇ ಮಾಡಿದೀನಲ್ರೀ, ಈ ಕೈಯಾಗೆ" ಎಂದು ಮೆಲ್ಲಗೆ ಹೇಳಿ ಹಿಂದೆ ಸರಿದಳು. ಆಮೇಲೆ ಏನು ಕೇಳಿದರೂ "ಇವತ್ತು ಆಗಲ್ಲ, ಹೋಗ್ರಿ" ಎಂದಳೇ ಹೊರತು ನನ್ನನ್ನು ಮುಟ್ಟಲಿಲ್ಲ. ನನಗೆ ನಿಜವಾದ ಭಯ ಹುಟ್ಟಿದ್ದು ಅವಳ ಮುಖ ನೋಡಿ.

ಮನೆಗೆ ಓಡುವ ಹಾಗೆ ಬಂದೆ. ಬಿಸಿಲು ಇನ್ನೂ ಇತ್ತು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ, "ಇದ್ಯಾವಾಗ ಹೊರಗೆ ಹೋದೆ? ರೂಮಿನಾಗೆ ಸೀರೆ ಉಡ್ತಾ ಇದ್ಯಲ್ಲ" ಎಂದಳು. ನನ್ನ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಬಳೆಗಳ ಸದ್ದು. ನಾನು "ಯಾರು?" ಎಂದ ಕೂಡಲೇ ಅದು ನಿಂತಿತು. ಅಪ್ಪ ಬಂದು ಬಾಗಿಲು ಒದ್ದು ಚಿಲಕ ಮುರಿದರು. ಒಳಗೆ ಯಾರೂ ಇರಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಮಂಚದ ಮೇಲೆ ಹಸಿರು ಸೀರೆ, ನೆರಿಗೆ ಹಿಡಿದು ಪಿನ್ನು ಹಾಕಿದ ಸ್ಥಿತಿಯಲ್ಲಿ ಬಿದ್ದಿತ್ತು. ಅವ್ವ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ರಾತ್ರಿಯಿಡೀ ನನಗೆ ಜ್ವರ. ಭಾನುವಾರ ಕತ್ತಲಾಗುವವರೆಗೆ ಅವ್ವ ನನ್ನ ಹಾಸಿಗೆ ಬಿಟ್ಟು ಕದಲಲಿಲ್ಲ. ಸೋಮವಾರ ಕ್ಷಮೆ ಕೇಳಲು ಪ್ರವೀಣ್‌ಗೆ ಫೋನ್ ಮಾಡಿದೆ.

"ಕ್ಷಮೆ ಯಾಕ್ರೀ? ಹೇಳಿದ ಹೊತ್ತಿಗೇ ಬಂದಿದ್ರಲ್ಲ" ಎಂದರು ಅವರು. "ಒಂದು ಮಾತೂ ಆಡ್ಲಿಲ್ಲ ನೋಡ್ರಿ, ಅಷ್ಟೇ. ಫೋಟೊ ಮಾತ್ರ ಬಾಳ ಚೆಂದ ಬಂದಾವೆ."

ಸ್ವಲ್ಪ ಹೊತ್ತಿಗೆ ಫೋಟೊಗಳು ಮೊಬೈಲಿಗೆ ಬಂದವು. ಹೊಂಡದ ಮೆಟ್ಟಿಲ ಮೇಲೆ ಅದೇ ಸೀರೆಯುಟ್ಟು ಕುಳಿತಿದ್ದವಳ ಮುಖ ನನ್ನದೇ. ಅವ್ವನಿಗೆ ತೋರಿಸಿದೆ. ನೀನಲ್ಲ ಎಂದು ಅವಳು ಹೇಳಲಿ ಎಂದು ಕಾದೆ. ಅವಳು ತುಂಬಾ ಹೊತ್ತು ನೋಡಿ "ನೀನೇ" ಎಂದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ನನ್ನಂತೆಯೇ ಇರುವ ಬೇರೆ ಹುಡುಗಿ ಇರಬಹುದು, ಯಾರೋ ಆಟವಾಡಿರಬಹುದು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಚಿಲಕ ಹಾಕಿದ ಆ ಕೋಣೆಯ ಹತ್ತಿರ ಬಂದಾಗ ಎಲ್ಲ ಲೆಕ್ಕವೂ ತಪ್ಪುತ್ತದೆ. ಪ್ರವೀಣ್ ಆ ಫೋಟೊಗಳನ್ನು ಧಾರಾವಾಹಿಯವರೊಬ್ಬರಿಗೆ ತೋರಿಸಿದರಂತೆ. ಇಂಥ ದಿನ ಬೆಂಗಳೂರಿಗೆ ಬರಬೇಕೆಂದು ಅವರಿಂದ ಕರೆ ಬಂತು. ನಾನು ಹೋಗಲಿಲ್ಲ. ಆ ದಿನವೆಲ್ಲ ಔಷಧಿ ಅಂಗಡಿಯಲ್ಲೇ ಇದ್ದೆ.

ಯಾಕೆ ಬರಲಿಲ್ಲ ಎಂದು ಕೇಳಿ ಆ ಧಾರಾವಾಹಿಯವರು ಇವತ್ತಿನವರೆಗೂ ಫೋನ್ ಮಾಡಿಲ್ಲ. ಅವರ ಲೆಕ್ಕದಲ್ಲಿ ನಾನು ಬಂದಿದ್ದೆನೋ ಏನೋ.